ಕೌನ್ಸಿಲರ್‌ಗೆ ಮೂರಡಿ, ಮಗಳಿಗೆ ಒಂದೂವರೆ

ರೆಮಿ: ಬ್ಯಾಂಕ್ ಅಂತಲೇ ಹಾಕಿ ತೆಬಾನಣ್ಣ. ದಪ್ಪಕ್ಷರದಲ್ಲಿ. ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು.

ಸಾಂತೊ: ಮಾಸ್ಟರ್ಸ್ ಅಂತ ಹಾಕಣ್ಣ. ಬಸ್ಸಲ್ಲಿ ಹೋಗೋರು ಇಳಿದು ಬಂದು ಓದ್ಬೇಕು.

ರೆಮಿ: ಯಾರು ಇಳಿದು ಬರ್ತಾರೆ? ನಿನ್ನ ಗಾಡಿಗೇ ಯಾರೂ ಹತ್ತಲ್ಲ.

ಸಾಂತೊ: ನನ್ನ ಗಾಡಿ ವಿಷಯ ಇಲ್ಲಿ ಯಾಕೆ?

ರೆಮಿ: ಅದರಲ್ಲೇ ತಾನೇ ನನ್ನನ್ನ ಕೂರಿಸ್ಕೊಂಡು ಬಂದಿದ್ದು? ದಾರಿಯಲ್ಲಿ ಎರಡು ಸಲ ಇಳಿದು ತಳ್ಳಿದೀನಿ. ಮಗಳಾದ್ರೂ ಲಿಫ್ಟಲ್ಲಿ ಹೋಗ್ಲಿ.

ಈ ಇಬ್ಬರ ನಡುವೆ ಕಂಪ್ಯೂಟರಿನ ಮುಂದೆ ಸಿಕ್ಕಿಕೊಂಡವನು ನಾನು, ಎಸ್ತೇಬಾನ್, ಊರಿಗೆಲ್ಲ ತೆಬಾನಣ್ಣ. ಬತಾಂಗಸ್ ಕಡೆಯ ಈ ಸಣ್ಣ ಊರಿನಲ್ಲಿ, ಮಾರ್ಕೆಟ್ಟಿನ ಹಿಂದೆ, ಫ್ಲೆಕ್ಸ್ ಅಂಗಡಿ ಇಟ್ಟು ಹದಿನೈದು ವರ್ಷವಾಯಿತು. ಊರಿನ ಹೆಮ್ಮೆಯೆಲ್ಲ ಅಡಿಗಳ ಅಳತೆಯಲ್ಲಿ ನನ್ನ ಮಷೀನಿನಿಂದಲೇ ಹೊರಬರಬೇಕು. ಯಾರ ಮಗ ನರ್ಸಿಂಗ್ ಪಾಸಾದರೂ, ಯಾರ ಮಗಳು ಲಾಯರಾದರೂ ಚರ್ಚಿನ ರಸ್ತೆಯಲ್ಲಿ ಅವರ ಫ್ಲೆಕ್ಸ್ ನೇತಾಡಬೇಕು. ನೇತಾಡದಿದ್ದರೆ ಪಾಸಾದದ್ದನ್ನು ಯಾರೂ ನಂಬುವುದಿಲ್ಲ. ಖರ್ಚು ವಾರ್ಡಿನ ಕೌನ್ಸಿಲರದ್ದು, ಆದ್ದರಿಂದ ದೊಡ್ಡ ಮುಖವೂ ಅವರದ್ದೇ. ಪಾಸಾದವರು ಮೂಲೆಯಲ್ಲಿ ಇರುತ್ತಾರೆ.

ಸಾಂತೊ ಟ್ರೈಸಿಕಲ್ ಓಡಿಸುತ್ತಾನೆ, ಅಂದರೆ ಬೈಕಿನ ಪಕ್ಕಕ್ಕೆ ತಗಡಿನ ಗೂಡು ಕಟ್ಟಿದ ಬಾಡಿಗೆ ಗಾಡಿ. ಅವನ ಹೆಂಡತಿ ರೆಮಿ ಹನ್ನೊಂದು ವರ್ಷ ಹಾಂಕಾಂಗಿನಲ್ಲಿ ಮನೆಗೆಲಸಕ್ಕಿದ್ದು ಬಂದವಳು. ಒಬ್ಬಳೇ ಮಗಳು ಮಾಯುಮಿ, ಮನೆಯಲ್ಲಿ ಯುಮಿ. ಸಂಖ್ಯಾಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ್ದೇ ತಡ, ಅವಳಿಗೆ ಎರಡು ಪತ್ರ ಬಂದವು. ಒಂದು ರಾಜಧಾನಿ ಪಕ್ಕದ ಮಕಾಟಿಯ ದೊಡ್ಡ ಬ್ಯಾಂಕಿನಿಂದ, ಕೆಲಸಕ್ಕೆ ಬಾ ಎಂದು. ಇನ್ನೊಂದು ವಿಶ್ವವಿದ್ಯಾಲಯದಿಂದ, ಎರಡು ವರ್ಷ ಮಾಸ್ಟರ್ಸ್ ಓದು, ಸ್ಕಾಲರ್‌ಶಿಪ್ ಕೊಡುತ್ತೇವೆ ಎಂದು. ಎರಡಕ್ಕೂ ಉತ್ತರ ಕೊಡಲು ಇವತ್ತು, ಶುಕ್ರವಾರ, ಸಂಜೆ ಐದು ಗಂಟೆಯೇ ಕೊನೆ. ಈಗ ನಾಲ್ಕೂಕಾಲು. ಹುಡುಗಿ ಇನ್ನೂ ಏನನ್ನೂ ತೀರ್ಮಾನಿಸಿಲ್ಲ. ಆದರೆ ನಾಳೆಯಿಡೀ ಕರೆಂಟ್ ತೆಗೆಯುತ್ತಾರೆ, ಭಾನುವಾರ ಚರ್ಚಿನ ಪೂಜೆಗೆ ಊರೆಲ್ಲ ಆ ರಸ್ತೆಯಲ್ಲೇ ಬರುತ್ತದೆ. ಅವಳ ತೀರ್ಮಾನ ತಡವಾದರೂ ನಡೆದೀತು, ಫ್ಲೆಕ್ಸ್ ತಡವಾಗುವ ಹಾಗಿಲ್ಲ.

ನಾನು: ಹುಡುಗೀನೇ ಒಂದು ಮಾತು ಕೇಳಬಾರದಾ?

ಇಬ್ಬರೂ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು.

ರೆಮಿ: ಅವಳನ್ನ ಕೇಳೋದೇನು? ಅವಳಿಗೇನು ಗೊತ್ತು? ಹಾಂಕಾಂಗಲ್ಲಿ ನಮ್ಮ ಮೇಡಂ ಬ್ಯಾಂಕಲ್ಲೇ ಇದ್ದಿದ್ದು. ನಲವತ್ತೊಂದನೇ ಮಹಡಿ. ಗೋಡೆಯೆಲ್ಲ ಗಾಜು. ಅವರ ಚಪ್ಪಲಿಗೇ ಒಂದು ಕೋಣೆ ಇತ್ತು ಗೊತ್ತಾ? ನಾನು ಮಲಗ್ತಿದ್ದ ಕೋಣೆಗಿಂತ ದೊಡ್ಡದು.

ಸಾಂತೊ: ಅಂದ್ರೆ ನಮ್ಮ ಯುಮಿ ಚಪ್ಪಲಿ ಇಡೋಕೆ ಬ್ಯಾಂಕಿಗೆ ಹೋಗ್ಬೇಕಾ?

ರೆಮಿ: ಕೊರಳಲ್ಲಿ ಕಾರ್ಡು ನೇತಾಕ್ಕೊಂಡು ಹೋಗ್ಬೇಕು. ಮಕಾಟಿಯಲ್ಲಿ ಮಧ್ಯಾಹ್ನ ಊಟಕ್ಕೆ ಹೋಗುವಾಗ್ಲೂ ಅವರು ಕಾರ್ಡು ತೆಗೆಯಲ್ಲ. ಯಾವ ಆಫೀಸು ಅಂತ ಹೋಟೆಲಿನೋರಿಗೂ ಗೊತ್ತಾಗ್ಲಿ ಅಂತ.

ಸಾಂತೊ: ನಮ್ಮ ಗಾಡಿ ಸ್ಟ್ಯಾಂಡಿನ ದೋರಿಂಗನ ಮಗಳೂ ಬ್ಯಾಂಕಲ್ಲೇ ಇದಾಳೆ. ಮೂರು ವರ್ಷ ಆಯ್ತು. ದಿನಾ ಅವನ ಬಾಯಲ್ಲಿ ಅದೇ ಹಾಡು. ಈಗ ನಮ್ಮೋಳೂ ಬ್ಯಾಂಕಿಗೆ ಹೋದ್ರೆ, "ಬಾರಪ್ಪ ಸಾಂತೊ, ನೀನೂ ಬಂದ್ಯಾ?" ಅಂತಾನೆ. ಮಾಸ್ಟರ್ಸ್ ಮಾಡಿದ ಮಗಳು ಇಡೀ ಸ್ಟ್ಯಾಂಡಲ್ಲಿ ಯಾರಿಗೂ ಇಲ್ಲ.

ರೆಮಿ: ಓಹೋ! ದೋರಿಂಗ್ ಬಾಯಿ ಮುಚ್ಚಿಸೋಕೆ ನನ್ನ ಮಗಳು ಎರಡು ವರ್ಷ ಓದ್ಬೇಕು!

ಸಾಂತೊ: ದೋರಿಂಗ್ ಬಾಯಿಗೆ ಎರಡು ವರ್ಷ ಸಾಲಲ್ಲ. ಇರ್ಲಿ, ಶುರುವಾದ್ರೂ ಆಗ್ಲಿ.

ನಾನು: ಬ್ಯಾಂಕಲ್ಲಿ ಅವಳ ಕೆಲಸ ಏನಂತೆ ರೆಮಿ?

ರೆಮಿ: ಅನಲಿಸ್ಟು.

ನಾನು: ಅಂದ್ರೆ?

ರೆಮಿ: ಅಂದ್ರೆ... ಬೇರೆಯೋರ ದುಡ್ಡನ್ನ ಕೂತ್ಕೊಂಡು ನೋಡೋದು.

ಸಾಂತೊ: ನಾನೂ ದಿನಾ ಬೇರೆಯೋರ ದುಡ್ಡು ನೋಡ್ತೀನಿ. ಪ್ಯಾಸೆಂಜರ್ ಜೇಬಿಂದ ತೆಗೀತಾನೆ, ಎಣಿಸ್ತಾನೆ, ಚಿಲ್ಲರೆ ಇಲ್ಲ ಅಂತ ವಾಪಸ್ ಇಡ್ತಾನೆ. ನನಗ್ಯಾರೂ ಅನಲಿಸ್ಟ್ ಅನ್ನಲಿಲ್ಲ.

ರೆಮಿ: ನಿನ್ನ ಮಾಸ್ಟರ್ಸಲ್ಲಿ ಏನು ಓದಿಸ್ತಾರೆ? ಹೇಳು ನೋಡೋಣ.

ಸಾಂತೊ: ಬಿರುಗಾಳಿ ಯಾವಾಗ ಬರುತ್ತೆ, ಎಲ್ಲಿ ಬರುತ್ತೆ, ಎಷ್ಟು ಮನೆ ಬೀಳುತ್ತೆ ಅಂತ ಮೊದಲೇ ಲೆಕ್ಕ ಹಾಕೋದು.

ರೆಮಿ: ಅದಕ್ಕೆ ಎರಡು ವರ್ಷ ಬೇಕಾ? ನಿಮ್ಮಮ್ಮನ ಮೊಣಕಾಲು ಮೂರು ದಿನ ಮುಂಚೆ ಹೇಳುತ್ತೆ.

ಸಾಂತೊ: ಅಮ್ಮನ ಮೊಣಕಾಲಿಗೆ ಹೋಗ್ಬೇಡ!

ರೆಮಿ: ಹೋಗಲ್ಲ. ಅದಕ್ಕೆ ಎಣ್ಣೆ ತಿಕ್ಕೋಳು ನಾನೇ. ನನಗೆ ಗೊತ್ತು ಅದರ ವಿದ್ಯೆ.

ಅಷ್ಟರಲ್ಲಿ ಬಾಗಿಲಲ್ಲಿ ಸೆಂಟಿನ ವಾಸನೆ ಬಂತು, ಅದರ ಹಿಂದೆ ಕೌನ್ಸಿಲರ್ ಬಲ್ದೊಮೆರೊ ಬಂದರು. ಒಂದು ಕೈಯಲ್ಲಿ ಕಡ್ಡಿಗೆ ಚುಚ್ಚಿದ ಸಕ್ಕರೆಪಾಕದ ಬಾಳೆಹಣ್ಣು. ಇನ್ನೊಂದು ಕೈ ಯಾವಾಗಲೂ ಖಾಲಿ, ಯಾರಾದರೂ ಸಿಕ್ಕರೆ ಕುಲುಕಲು. ವಾರ್ಡಿನ ಚುನಾವಣೆಗೆ ಇನ್ನು ಎರಡೇ ತಿಂಗಳಿತ್ತು.

ಬಲ್ದೊ: ತೆಬಾನ್, ನನ್ನ ಮುಖ ಎಷ್ಟಡಿ ಇಟ್ಟಿದೀಯಾ?

ನಾನು: ಎಡಗಡೆ ಮೂರಡಿ ಸಾಹೇಬ್ರೇ.

ಬಲ್ದೊ: ಹುಡುಗಿದು?

ನಾನು: ಬಲಗಡೆ ಮೇಲಿನ ಮೂಲೆಯಲ್ಲಿ ಒಂದೂವರೆ. ಹೆಸರು ಅದರ ಕೆಳಗೆ.

ಬಲ್ದೊ: ಹಾಂ, ಸರಿ. ಅವಳ ದಿನ ಇದು, ಅವಳಿಗೂ ಜಾಗ ಇರ್ಬೇಕು. ಕೆಳಗಡೆ ಏನು ಬರೀತೀಯಾ?

ರೆಮಿ: ಬ್ಯಾಂಕು!

ಸಾಂತೊ: ಮಾಸ್ಟರ್ಸು!

ಬಲ್ದೊ: ಎರಡೂ ಬರಿ.

ನಾನು: ಎರಡೂ ಮಾಡೋಕಾಗಲ್ಲ ಸಾಹೇಬ್ರೇ. ಒಂದೇ ಆರಿಸ್ಬೇಕು.

ಬಲ್ದೊ: ಅದು ಅವಳ ತಲೆನೋವು. ಫ್ಲೆಕ್ಸಿಗೇನು ಕಷ್ಟ? ಓದೋರ್ಯಾರು ತೆಬಾನ್? ಹದಿನೈದು ವರ್ಷದಿಂದ ಹೇಳ್ತಿದೀನಿ, ಜನ ಅಕ್ಷರ ಓದಲ್ಲ, ಮುಖ ನೋಡ್ತಾರೆ.

ಸಾಂತೊ: ಹಾಗೆಲ್ಲ ಸುಳ್ಳು ಹಾಕಬಾರದು ಸಾಹೇಬ್ರೇ. ಪಕ್ಕದ ಮನೆ ದಾಂತೆಗೆ ರಿಸಲ್ಟ್ ಬರೋ ಮುಂಚೆನೇ "ಭಾವೀ ಎಂಜಿನಿಯರ್" ಅಂತ ಹಾಕ್ಸಿದ್ರಿ. ಫೇಲಾದ. ಆ ಫ್ಲೆಕ್ಸು ಈಗ ಅವರ ಹಂದಿಗೂಡಿನ ಚಾವಣಿ.

ಬಲ್ದೊ: ಸೋರುತ್ತಾ?

ಸಾಂತೊ: ಇಲ್ಲ.

ಬಲ್ದೊ: ಮತ್ತೆ? ನಾನು ಮಾಡಿಸಿದ ಕೆಲಸ ಹಾಗಿರುತ್ತೆ. ಈಗ ಹೇಳಿ, ಯಾವುದು ಹಾಕಿದ್ರೆ ಅದು ನನ್ನಿಂದ ಆಗಿದ್ದು ಅಂತ ಕಾಣುತ್ತೆ? ಸ್ಕಾಲರ್‌ಶಿಪ್ಪಿಗೆ "ಈ ಕುಟುಂಬ ಕಡುಬಡವರು" ಅಂತ ಪತ್ರಕ್ಕೆ ಸಹಿ ಹಾಕಿದ್ಯಾರು?

ಸಾಂತೊ: ನೀವೇ ಸಾಹೇಬ್ರೇ. ಹಾಗಾದ್ರೆ ಮಾಸ್ಟರ್ಸು...

ರೆಮಿ: ಬ್ಯಾಂಕಿಗೆ "ಅನುಕೂಲಸ್ಥ, ಮರ್ಯಾದಸ್ಥ ಕುಟುಂಬ" ಅಂತ ಸಹಿ ಹಾಕಿದ್ದೂ ನೀವೇ.

ನಾನು: ಎರಡೂ ಪತ್ರ ಇಲ್ಲೇ ಜೆರಾಕ್ಸ್ ಆಗಿದ್ದು. ಒಂದೇ ತಾರೀಖು. ಬೆಳಿಗ್ಗೆ ಕಡುಬಡವರು, ಮಧ್ಯಾಹ್ನ ಅನುಕೂಲಸ್ಥರು.

ಬಲ್ದೊ: ನನ್ನ ವಾರ್ಡಲ್ಲಿ ಅಭಿವೃದ್ಧಿ ಅಷ್ಟು ಬೇಗ ಆಗುತ್ತೆ.

ಕೌನ್ಸಿಲರ್ ಬಾಳೆಹಣ್ಣು ಮುಗಿಸಿ ಕಡ್ಡಿಯನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟರು. ಗಡಿಯಾರ ನಾಲ್ಕೂವರೆ ತೋರಿಸಿತು. ಆಗ ಯುಮಿ ಬಂದಳು.

ನಾಲ್ಕನೇ ಕ್ಲಾಸಿನಲ್ಲಿ ಲೆಕ್ಕದ ಸ್ಪರ್ಧೆ ಗೆದ್ದಾಗ ಈ ಹುಡುಗಿಯ ಮೊದಲ ಫ್ಲೆಕ್ಸ್ ಹೊಡೆದವನು ನಾನೇ. ಆಗ ಅವಳ ತಾಯಿ ಹಾಂಕಾಂಗಿನಲ್ಲಿದ್ದಳು. ಸಾಂತೊ ಅದರ ಫೋಟೊ ತೆಗೆದು ಕಳಿಸಲು ನನ್ನ ಅಂಗಡಿಯಲ್ಲಿ ಒಂದು ಗಂಟೆ ಒದ್ದಾಡಿದ್ದ. ಹುಡುಗಿ ಆಗಲೂ ಕಡಿಮೆ ಮಾತಿನವಳು, ಈಗಲೂ ಹಾಗೆಯೇ. ಕೈಯಲ್ಲಿ ಫೋನ್ ಹಿಡಿದಿದ್ದಳು, ಕಣ್ಣು ಕೆಂಪಗಿತ್ತು. ಇಡೀ ರಾತ್ರಿ ನಿದ್ದೆ ಇರಲಿಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ಅಲ್ಲಿದ್ದ ಮೂವರಿಗೆ ಮಾತ್ರ ತಿಳಿಯಲಿಲ್ಲ.

ಯುಮಿ: ಅಮ್ಮ, ಬ್ಯಾಂಕಿಗೆ ಹೂಂ ಅಂತ ಬರೆದಿದೀನಿ.

ಬಲ್ದೊ: ಆಯ್ತಲ್ಲ! ಬ್ಯಾಂಕು! ಒತ್ತು ತೆಬಾನ್!

ನಾನು ಒತ್ತಿದೆ. ಅವರು ದುಡ್ಡು ಕೊಡುವವರು, ನಾನು ಒತ್ತುವವನು. ಮಷೀನು ಗರಗರ ಎಂದು ಶುರುವಾಯಿತು. ಸಾಂತೊ ಸ್ಟೂಲಿನ ಮೇಲೆ ಕುಸಿದ. ಗೆದ್ದವಳು ರೆಮಿ, ಆದರೆ ಅವಳು ಕುಣಿಯಲಿಲ್ಲ. ಮಗಳನ್ನೇ ದುರುಗುಟ್ಟಿ ನೋಡಿದಳು.

ರೆಮಿ: ಯಾರನ್ನ ಕೇಳಿ ಬರೆದೆ?

ಯುಮಿ: ನೀನೇ ತಾನೇ ಅಮ್ಮ, ಮೂರು ವಾರದಿಂದ...

ರೆಮಿ: ನಾನು ಹೇಳಿದ್ರೆ ಮಾಡಿಬಿಡೋದಾ? ಹಾಗಲಕಾಯಿ ತಿನ್ನು ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದೀನಿ. ಒಂದು ತುಂಡು ತಿಂದಿದೀಯಾ? ಇದೊಂದು ಮಾತು ಕೇಳ್ಬೇಕಾಗಿತ್ತಾ ನಿನಗೆ?

ಯುಮಿ: ಅಮ್ಮ, ಒಂದ್ನಿಮಿಷ, ನಾನು ಇನ್ನೂ...

ಸಾಂತೊ: ಬಿಡು ರೆಮಿ. ಆಗಿದ್ದಾಯ್ತು. ಬ್ಯಾಂಕೇನು ಕೆಟ್ಟದ್ದಾ? ಕೊರಳಲ್ಲಿ ಕಾರ್ಡು, ಗಾಜಿನ ಗೋಡೆ, ಲಿಫ್ಟು. ದೋರಿಂಗ್ ಮಗಳದ್ದು ಕೆಳಗಿನ ಮಹಡಿ. ನಮ್ಮೋಳು ಮೂವತ್ತನೇದರ ಮೇಲೆ. ಅವನಿಗೆ ಕತ್ತೆತ್ತಿ ನೋಡ್ಬೇಕಾಗುತ್ತೆ.

ರೆಮಿ: ಏನು ಕೆಲಸ ಅದು? ಬೇರೆಯೋರ ದುಡ್ಡನ್ನ ಕೂತ್ಕೊಂಡು ನೋಡೋದು! ಅದಕ್ಕಾ ಅವಳು ಓದಿದ್ದು?

ಸಾಂತೊ: ನೀನೇ ಹೇಳಿದ್ದು!

ರೆಮಿ: ಬಿರುಗಾಳಿ ಲೆಕ್ಕ ಹಾಕೋದು ಎಷ್ಟು ದೊಡ್ಡ ವಿದ್ಯೆ ಗೊತ್ತಾ ನಿನಗೆ?

ಸಾಂತೊ: ಅದಕ್ಕೆ ನಮ್ಮಮ್ಮನ ಮೊಣಕಾಲು ಇದೆ!

ರೆಮಿ: ನಿಮ್ಮಮ್ಮನ ಮೊಣಕಾಲು ಎಷ್ಟು ದಿನ ಇರುತ್ತೆ? ದೇಶಕ್ಕೆಲ್ಲ ಅದೊಂದೇ ಮೊಣಕಾಲಾ?

ಬಲ್ದೊ: ಅಮ್ಮಾ ತಾಯಿ, ನಿಮಗೆ ಬೇಕಾಗಿದ್ದೇನು? ಬ್ಯಾಂಕ್ ಅಂದ್ರಿ, ಬ್ಯಾಂಕ್ ಆಯ್ತು.

ರೆಮಿ: ನಾನು ಬ್ಯಾಂಕ್ ಅಂದಿದ್ದು ಅವಳು ಬೇಡ ಅನ್ಲಿ ಅಂತ! ತಾಯಿ ಆದೋಳು ಸಂಬಳ ಬರೋ ಕೆಲಸಾನೇ ಹೇಳ್ಬೇಕು. ಓದೋಕೆ ಹೋಗು ಅಂತ ನಾನೇ ಹೇಳಿ, ನಾಳೆ ಅವಳ ಕೈಗೆ ಏನೂ ಸಿಗದೇ ಇದ್ರೆ ಯಾರನ್ನ ಬೈತಾಳೆ? ಅದಕ್ಕೇ ಅವಳು ನನ್ನ ಜೊತೆ ಜಗಳ ಆಡಿ, ಬಾಗಿಲು ದಢಾರ್ ಅನ್ನಿಸಿ, ಓದೋಕೆ ಹೋಗ್ತಾಳೆ ಅಂದ್ಕೊಂಡಿದ್ದೆ. ಎಲ್ಲ ಮನೆಯಲ್ಲೂ ಮಕ್ಕಳು ಹಾಗೇ ತಾನೇ ಮಾಡೋದು?

ಯುಮಿ: ನೀನು ಹನ್ನೊಂದು ವರ್ಷ ಬೇರೆಯೋರ ಮನೆ ನೆಲ ಒರೆಸಿದೀಯ ಅಮ್ಮ. ಅದಾದ್ಮೇಲೂ ನಾನು ಇನ್ನೆರಡು ವರ್ಷ ಓದ್ತೀನಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?

ಮಷೀನು ತನ್ನ ಪಾಡಿಗೆ ಗರಗರ ಎನ್ನುತ್ತಿತ್ತು. ಕೌನ್ಸಿಲರ ಹಣೆ ಹೊರಗೆ ಬಂದಿತ್ತು, ಹುಬ್ಬು ಬರುತ್ತಿತ್ತು. ರೆಮಿ ಸ್ಟೂಲಿನ ಮೇಲಿಂದ ಗಂಡನನ್ನು ಎಬ್ಬಿಸಿ ತಾನು ಕೂತಳು.

ರೆಮಿ: ಆ ಮೇಡಂ ಮಗನಿಗೆ ಆರು ವರ್ಷ. ಮೊದಲನೇ ಹಲ್ಲು ಬಿತ್ತು. ಓಡಿ ಬಂದು ನನ್ನ ಕೈಯಲ್ಲಿಟ್ಟ. ಅವರಮ್ಮನಿಗೆ ಫೋಟೊ ಕಳಿಸಿದೆ. ನಲವತ್ತೊಂದನೇ ಮಹಡಿಯಿಂದ ಫೋನಿಗೆ ಒಂದು ನಗೋ ಗೊಂಬೆ ಚಿತ್ರ ಬಂತು, ಅಷ್ಟೇ. ಅವತ್ತು ನಾನು ನಕ್ಕೆ, ಇವಳೆಂಥ ತಾಯಿ ಅಂತ. ಅದೇ ವಾರ ನಿನ್ನ ಹಲ್ಲು ಬಿತ್ತು. ನಾನೂ ಫೋಟೊದಲ್ಲೇ ನೋಡಿದ್ದು. ಅವನ ಕೋಣೆಯಲ್ಲಿ ನಿಂತ್ಕೊಂಡು.

ಯುಮಿ ತಾಯಿಯ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು.

ರೆಮಿ: ಮೇಡಂ ಚಪ್ಪಲಿ ಕೋಣೆ ವಿಷಯ ಊರಿಗೆಲ್ಲ ಹೇಳ್ತೀನಿ. ಇದನ್ನ ಯಾರಿಗೂ ಹೇಳಿಲ್ಲ. ನಾನು ಆ ನೆಲ ಒರೆಸಿದ್ದು ನೀನು ಆ ಮೇಡಂ ಆಗ್ಲಿ ಅಂತ ಅಲ್ಲ ಕಣೇ. ನಿನಗೆ ಬೇಕಾಗಿದ್ದು ನೀನು ಮಾಡ್ಲಿ ಅಂತ. ಬಿರುಗಾಳಿನಾದ್ರೂ ಎಣಿಸು, ದಾಂತೆ ಮನೆ ಹಂದಿನಾದ್ರೂ ಎಣಿಸು. ಆದ್ರೆ ನನ್ನ ಋಣ ತೀರ್ಸೋಕೆ ಅಂತ ಎಲ್ಲಿಗೂ ಹೋಗ್ಬೇಡ. ಈಗ ಫೋನ್ ಮಾಡು ಆ ಬ್ಯಾಂಕಿಗೆ. ತಪ್ಪಾಯ್ತು ಅನ್ನು. ಬೇಕಾದ್ರೆ ನಮ್ಮಮ್ಮನಿಗೆ ತಲೆ ಸರಿ ಇಲ್ಲ ಅನ್ನು.

ಸಾಂತೊ: ಅದಕ್ಕೆ ಸಹಿ ನಾನು ಹಾಕ್ತೀನಿ.

ಯುಮಿ: ಬರೆದಿದೀನಿ ಅಂದೆ ಅಮ್ಮ. ಕಳಿಸಿಲ್ಲ. ಎರಡು ಉತ್ತರಾನೂ ಬರೆದಿದೀನಿ. ನಿನ್ನ ಮುಖ ನೋಡಿ ಯಾವುದಾದ್ರೂ ಒಂದು ಕಳಿಸೋಣ ಅಂತ ಬಂದೆ. ನೀವ್ಯಾರಾದ್ರೂ ಬಾಯಿ ಬಿಡೋಕೆ ಬಿಟ್ರೆ ತಾನೇ?



ರೆಮಿ: ನೋಡಿದೆಯಲ್ಲ ಮುಖ. ಮತ್ತೆ ಏನು ಕಾಯ್ತಿದೀಯಾ? ಐದಾಗೋಕೆ ಹತ್ತು ನಿಮಿಷ ಇದೆ!

ಯುಮಿ ಒಂದು ಸಲ ಮೂಗೊರೆಸಿಕೊಂಡು ಫೋನನ್ನು ಒತ್ತಿದಳು. ಮಾಸ್ಟರ್ಸಿಗೆ ಹೂಂ ಹೋಯಿತು. ಬ್ಯಾಂಕಿಗೆ ಹೋದದ್ದು, ದಯವಿಟ್ಟು ಕ್ಷಮಿಸಿ ಎಂಬ ಎರಡು ಸಾಲು. ಸಾಂತೊ ದೋರಿಂಗನನ್ನು ಹುಡುಕಿಕೊಂಡು ಹೋಗಲು ಆಗಲೇ ಗಾಡಿಯ ಕೀಲಿ ತೆಗೆದಿದ್ದ. ರೆಮಿ ಅವನ ಅಂಗಿ ಹಿಡಿದು ನಿಲ್ಲಿಸಿದಳು.

ಆಗ ಮಷೀನು ನಿಂತಿತು. ನಾಲ್ಕಡಿ ಎಂಟಡಿ ಫ್ಲೆಕ್ಸು, ಇಂಕು ಇನ್ನೂ ಹಸಿ. ಮೇಲೆ "ಹಾರ್ದಿಕ ಅಭಿನಂದನೆಗಳು". ಎಡಗಡೆ ಕೌನ್ಸಿಲರ್, ಹಲ್ಲೆಲ್ಲ ತೋರಿಸಿಕೊಂಡು. ಬಲಮೂಲೆಯಲ್ಲಿ ಯುಮಿ. ಕೆಳಗೆ ದಪ್ಪಕ್ಷರದಲ್ಲಿ, "ಬ್ಯಾಂಕಿನ ಅನಲಿಸ್ಟ್ ಹುದ್ದೆಗೆ ಆಯ್ಕೆ. ನಮ್ಮ ವಾರ್ಡಿನ ಹೆಮ್ಮೆ."

ನಾನು: ಇನ್ನೊಂದು ಹೊಡೀಬೇಕು ಸಾಹೇಬ್ರೇ.

ಬಲ್ದೊ: ಇನ್ನೊಂದಾ? ಇದಕ್ಕೇನಾಗಿದೆ? ನನ್ನ ಮುಖ ಎಷ್ಟು ಚೆನ್ನಾಗಿ ಬಂದಿದೆ! ಇದನ್ನೇ ನೇತಾಕು. ಅಕ್ಷರ ಯಾರೂ ಓದಲ್ಲ ಅಂದೆನಲ್ಲ.

ರೆಮಿ: ನನ್ನ ಮಗಳ ಹೆಸರಲ್ಲಿ ಸುಳ್ಳು ನೇತಾಕೋಕೆ ನಾನು ಬಿಡಲ್ಲ. ತೆಬಾನಣ್ಣ, ಕತ್ತರಿ ಕೊಡಿ.

ಕೊಟ್ಟೆ. ಕೌನ್ಸಿಲರ್ ನೋಡುತ್ತಿದ್ದಂತೆಯೇ ಅವಳು ಬಲಮೂಲೆಯನ್ನು ಮಗಳ ಮುಖ, ಹೆಸರು ಸಮೇತ ಚೌಕವಾಗಿ ಕತ್ತರಿಸಿ ತೆಗೆದಳು. ಹಸಿ ಇಂಕು ಕೈಗೆಲ್ಲ ಮೆತ್ತಿತು. ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದಳು.

ರೆಮಿ: ಹನ್ನೊಂದು ವರ್ಷ ಇವಳನ್ನ ಫೋನಲ್ಲಿ ಹೆಬ್ಬೆರಳಷ್ಟು ನೋಡಿದೀನಿ. ಇನ್ನೆರಡು ವರ್ಷ ಇಷ್ಟು ದೊಡ್ಡದಾಗಿ ನೋಡ್ತೀನಿ. ಉಳಿದಿದ್ದು ನೀವು ಇಟ್ಕೊಳ್ಳಿ ಸಾಹೇಬ್ರೇ.

ಸಾಂತೊ ಗೋಡೆಯ ಕಡೆ ತಿರುಗಿ ಹಳೆಯ ಕ್ಯಾಲೆಂಡರನ್ನು ತುಂಬಾ ಹೊತ್ತು ಓದಿದ. ಕೌನ್ಸಿಲರ್ ಮಾತ್ರ ಮೂಲೆ ಹೋದ ಫ್ಲೆಕ್ಸನ್ನು ಅಂಗೈಯಲ್ಲಿ ಅಳೆದು ನೋಡಿದರು.

ಬಲ್ದೊ: ಮುಖಕ್ಕೇನೂ ಪೆಟ್ಟಾಗಿಲ್ಲ. ನೇತಾಕಿ.

ನೇತು ಹಾಕಿದರು. ಭಾನುವಾರ ಊರೆಲ್ಲ ಆ ರಸ್ತೆಯಲ್ಲೇ ಚರ್ಚಿಗೆ ಬಂತು. ಹದಿನೈದು ವರ್ಷದಲ್ಲಿ ಮೊದಲ ಸಲ ಜನ ಮುಖವನ್ನೂ ನೋಡಿದರು, ಅಕ್ಷರವನ್ನೂ ಓದಿದರು. ಫ್ಲೆಕ್ಸಿನಲ್ಲಿ ಉಳಿದಿದ್ದದ್ದು ಒಂದೇ ಮುಖ. ಪೂಜೆ ಮುಗಿಯುವಷ್ಟರಲ್ಲಿ ಕೌನ್ಸಿಲರ್ ಬಲ್ದೊಮೆರೊ ಅವರಿಗೆ ಮಕಾಟಿಯ ಬ್ಯಾಂಕಿನಲ್ಲಿ ಕೆಲಸವಾಗಿತ್ತು. ಒಬ್ಬ ಅಜ್ಜಿ ಅವರ ಕೈ ಹಿಡಿದು, "ಈ ವಯಸ್ಸಲ್ಲಾದ್ರೂ ಒಂದು ಕೆಲಸ ಅಂತ ಸಿಕ್ತಲ್ಲಪ್ಪ" ಎಂದು ಕಣ್ಣೀರು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ, ಹೇಗೂ ಅವರು ಊರು ಬಿಡುತ್ತಾರಲ್ಲ ಎಂದು ಮೂವರು ಅವರ ಸ್ಥಾನಕ್ಕೆ ನಿಲ್ಲುವುದಾಗಿ ಹೇಳಿಕೊಂಡು ತಿರುಗಿದರು. ಅದರಲ್ಲಿ ಒಬ್ಬ ದೋರಿಂಗ್.

ಸೋಮವಾರ ನಾನು ಬಾಗಿಲು ತೆಗೆಯುವಾಗಲೇ ರೆಮಿ ಜೆರಾಕ್ಸಿಗೆ ಕಾಯುತ್ತಿದ್ದಳು. ಯುಮಿಯ ಮುಖವನ್ನು ಅಡುಗೆಮನೆಯಲ್ಲಿ, ಅನ್ನದ ಪಾತ್ರೆಯ ಮೇಲಿನ ಗೋಡೆಗೆ ಅಂಟಿಸಿದ್ದಾಳಂತೆ. ಹುಡುಗಿ ಇನ್ನೂ ಊರಲ್ಲೇ ಇದ್ದರೂ ತಾಯಿಯ ಹೆಚ್ಚು ಮಾತು ಗೋಡೆಯ ಜೊತೆಗೇ ಎಂದು ಸಾಂತೊ ದೂರಿದ್ದ. ರೆಮಿಯ ಕಾಗದವನ್ನು ಮಷೀನಿಗೆ ಇಡುತ್ತಿದ್ದಾಗ ಕೌನ್ಸಿಲರ್ ಏದುಸಿರು ಬಿಡುತ್ತ ನುಗ್ಗಿದರು. ಅವತ್ತು ಸೆಂಟು ಹಾಕಿರಲಿಲ್ಲ.

ಬಲ್ದೊ: ತೆಬಾನ್, ಇನ್ನೊಂದು ಫ್ಲೆಕ್ಸ್ ಹೊಡಿ. ಅರ್ಜೆಂಟು!

ನಾನು: ಏನಂತ ಬರೀಲಿ?

ಬಲ್ದೊ: "ನನಗೆ ಯಾವ ಬ್ಯಾಂಕಲ್ಲೂ ಕೆಲಸ ಸಿಕ್ಕಿಲ್ಲ" ಅಂತ ಬರಿ. ದಪ್ಪಕ್ಷರದಲ್ಲಿ.

ನಾನು: ಫೋಟೊ ಯಾರದು ಹಾಕ್ಲಿ?

ಅವರು ಬಾಗಿಲು ನೋಡಿದರು, ಸೂರು ನೋಡಿದರು, ಕೊನೆಗೆ ತಡೆಯಲಾಗಲಿಲ್ಲ.

ಬಲ್ದೊ: ನನ್ನದೇ. ಈ ಸಲ ನಾಲ್ಕಡಿ.

ರೆಮಿ: ಸಾಹೇಬ್ರೇ, ಬಂದಿದ್ದು ಒಳ್ಳೇದಾಯ್ತು. ಯುಮಿ ಹಾಸ್ಟೆಲಿಗೆ ಇನ್ನೊಂದು ಪತ್ರ ಬೇಕಂತೆ, ಕಡುಬಡವರು ಅಂತ. ಒಂದು ಸಹಿ ಹಾಕಿ.

ಬಲ್ದೊ: ಯಾರಮ್ಮ ಕಡುಬಡವರು?

ರೆಮಿ: ನಾವೇ ಸಾಹೇಬ್ರೇ. ನಿಮ್ಮ ಬಡತನಕ್ಕೆ ಪತ್ರ ಯಾಕೆ, ಕೆಲಸ ಇಲ್ಲ ಅಂತ ಫ್ಲೆಕ್ಸೇ ಬರ್ತಾ ಇದೆಯಲ್ಲ.